ಸ್ಯಾಂಪಲ್ ಯಾವುದು ಅಂತ ಕೇಳಿ, ಆಮೇಲೆ ಸುದ್ದಿ ನಂಬಿ

ದಾವಣಗೆರೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು ರಿಪೋರ್ಟ್ ಕೊಡೋದು ನನ್ನ ಕೆಲಸ. ಲೇಬಲ್ ಇಲ್ಲದ ಟ್ಯೂಬನ್ನ ನಾವು ಮಷಿನ್ ಹತ್ತಿರವೂ ಬಿಟ್ಟುಕೊಳ್ಳಲ್ಲ. ವಿಜ್ಞಾನದ ಸುದ್ದಿ ಓದುವಾಗಲೂ ನನ್ನದು ಅದೇ ಹಠ. ಹೆಡ್‌ಲೈನ್ ಪಕ್ಕಕ್ಕಿಡಿ. ಅವರ ಕೈಗೆ ನಿಜವಾಗಿ ಸಿಕ್ಕಿದ್ದೇನು, ಅಳೆದಿದ್ದೇನು ಅನ್ನೋದನ್ನ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಹುಡುಕಿ. ಸಾಮಾನ್ಯವಾಗಿ ಅದು ಮೂರನೇ ನಾಲ್ಕನೇ ಪ್ಯಾರಾದಲ್ಲಿ ಅಡಗಿರುತ್ತೆ. ಇಡೀ ಸುದ್ದಿಯಲ್ಲಿ ಎಲ್ಲೂ ಸಿಗಲಿಲ್ಲ ಅಂದ್ರೆ ಅಲ್ಲಿಗೇ ಬಿಡಿ, ಫಾರ್ವರ್ಡ್ ಅಂತೂ ಮಾಡಬೇಡಿ.

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ನೆನಪಿದೆಯಲ್ಲ? ದಿನಾ ಬೆಳಿಗ್ಗೆ ಟಿವಿಯಲ್ಲಿ ಇನ್ನೊಂದು ಸಾವು, ಕೆಳಗೆ ಓಡೋ ಸಂಖ್ಯೆ. ನಮ್ಮ ಲ್ಯಾಬಿಗೂ ಗಟ್ಟಿಮುಟ್ಟಾದ ಹುಡುಗರು ಬಂದು "ಹಾರ್ಟ್‌ದು ಒಂದು ಟೆಸ್ಟ್ ಮಾಡ್ಬಿಡ್ರಿ" ಅನ್ನೋರು. ಟ್ರೋಪೋನಿನ್ ಅನ್ನೋ ಹೆಸರು ಯಾರೋ ಹೇಳಿಕೊಟ್ಟಿರೋರು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದ ಕೆಲವು ಗಂಟೆಯಲ್ಲಿ ರಕ್ತದಲ್ಲಿ ಏರೋ ಪ್ರೋಟೀನ್ ಅದು. ಎದೆನೋವು ಬಂದವರಿಗೆ ಚಿನ್ನದಂಥ ಪರೀಕ್ಷೆ. ಏನೂ ಇಲ್ಲದವರು ಮಾಡಿಸಿಕೊಂಡು ನಾರ್ಮಲ್ ಬಂದ್ರೆ ಮುಂದಿನ ತಿಂಗಳ ಬಗ್ಗೆ ಅದು ಏನೂ ಹೇಳಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ ಅಂದ್ರೆ "ಅಷ್ಟೇನಾ?" ಅನ್ನೋ ಮುಖ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿ ಒಂದೊಂದೇ ಸಾವನ್ನ ನೋಡಿಸಿತು. ಪಟ್ಟಿಯಲ್ಲಿದ್ದ 24 ಸಾವಿನಲ್ಲಿ ಕೆಲವು ಹೃದಯದ್ದೇ ಅಲ್ಲ ಅಂತ ಗೊತ್ತಾಯ್ತು. ಒಂದಂತೂ ಕರೆಂಟ್ ಶಾಕ್. ಎಂದಿನ ಲೆಕ್ಕಕ್ಕಿಂತ ಅಸಹಜವಾಗಿ ಏರಿದ್ದಕ್ಕೂ ಪುರಾವೆ ಸಿಗಲಿಲ್ಲ.

ಹಾಗಾಗಿ ಸಂಖ್ಯೆ ಕಂಡ ತಕ್ಷಣ ಎರಡು ಕೇಳಿ. ಎಷ್ಟು ಜನರಲ್ಲಿ? ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು? ಶೇಕಡಾವಾರು ಕಂಡರೆ ಇನ್ನೂ ಹುಷಾರು. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18 ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳ್ತು. ನೂರಕ್ಕೆ 18 ಜನಕ್ಕೆ ಬರುತ್ತೆ ಅಂತಲ್ಲ. ಸಾವಿರಕ್ಕೆ 10 ಜನಕ್ಕೆ ಬರೋ ಕಾಯಿಲೆ ಅಂತಿಟ್ಟುಕೊಂಡ್ರೆ ಅದು ಸುಮಾರು 12 ಆಗುತ್ತೆ. ಕ್ಯಾನ್ಸರ್ ತರುತ್ತೆ ಅಂತ ಗೊತ್ತಾದ ವಸ್ತುಗಳ ಪಟ್ಟಿಗೆ ಈ ಮಾಂಸವನ್ನೂ ಅವರು ಸೇರಿಸಿದರು. ತಂಬಾಕೂ ಇದೇ ಪಟ್ಟಿಯಲ್ಲಿದೆ, ನಿಜ. ಆದರೆ ಪಟ್ಟಿ ಮಾಡಿದ್ದು ಪುರಾವೆ ಎಷ್ಟು ಗಟ್ಟಿ ಅಂತ ನೋಡಿ, ಅಪಾಯ ಎಷ್ಟು ದೊಡ್ಡದು ಅಂತ ನೋಡಿ ಅಲ್ಲ. ಇಲಿ ಮೇಲಿನ ಪ್ರಯೋಗ ಅಂತ ಎಲ್ಲಾದರೂ ಇದ್ರೆ ಪೇಪರ್ ಮಡಿಚಿಟ್ಟು ಬೆಣ್ಣೆ ದೋಸೆ ತಿನ್ನೋಕೆ ಹೋಗಿ, ಅವಸರ ಏನಿಲ್ಲ.

ಇತಿಹಾಸದ ಸುದ್ದಿ ಅಂದ್ರೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ. ತವರು ಚಿತ್ರದುರ್ಗ, ಚಂದ್ರವಳ್ಳಿ ಕೆರೆ ಏರಿ ಮೇಲೆ ಓಡಾಡಿ ಬೆಳೆದವಳು. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ತನ್ನ ಅಗೆತದ ಜಾಗ ಶಿವಗಳೈನಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 3345ರಷ್ಟು ಹಳೆಯದು ಅಂತ ಪ್ರಕಟಿಸಿತು. ಪೆನ್ಸಿಲ್ ಹಿಡಿಯಿರಿ: ಆ ತಾರೀಖು ಬಂದದ್ದು ಕಬ್ಬಿಣದಿಂದಲ್ಲ, ಜೊತೆಗೆ ಸಿಕ್ಕ ಇದ್ದಿಲಿನಿಂದ. ಇದ್ದಿಲು ಹೇಳೋದು ಆ ಕಟ್ಟಿಗೆಯ ಪದರ ಬೆಳೆದ ಕಾಲವನ್ನ. ಹಳೇ ಮರದ ತಿರುಳಾಗಿದ್ರೆ, ಸುಟ್ಟ ದಿನಕ್ಕಿಂತ ನೂರಾರು ವರ್ಷ ಹಿಂದಿನ ಲೆಕ್ಕ ಕೊಡಬಹುದು. ಹಾಗಂತ ಸುಳ್ಳು ಅಂತಲ್ಲ. ಇದ್ದಿಲಿಗೂ ಕಬ್ಬಿಣಕ್ಕೂ ನಂಟು ಎಷ್ಟು ಗಟ್ಟಿ, ಬೇರೆ ಕಡೆಯೂ ಅದೇ ಕಾಲ ಬರುತ್ತಾ ಅಂತ ಕಾಯಬೇಕು.

ತಾರೀಖು ಬದಲಾದ ಕೂಡಲೇ "ಇವರು ದಿನಕ್ಕೊಂದು ಹೇಳ್ತಾರೆ" ಅಂತ ಬೈಯೋರಿಗೆ ನಾನು ಬ್ರಹ್ಮಗಿರಿ ತೋರಿಸ್ತೀನಿ. ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬುಡದಲ್ಲೂ ಚಂದ್ರವಳ್ಳಿಯಲ್ಲೂ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಅವರ ಕೈಯಲ್ಲಿದ್ದದ್ದು ಮಣ್ಣಿನ ಪದರ, ಮಡಕೆ ಚೂರು, ರೋಮನ್ ನಾಣ್ಯ. ನಾಣ್ಯದ ಕಾಲ ಗೊತ್ತಿತ್ತು. ಅಲ್ಲಿಂದ ಕೆಳಗಿಳಿಯುತ್ತಾ ಕಲ್ಲುಕೊಡಲಿ ಜನರನ್ನ, ಅಂದ್ರೆ ನವಶಿಲಾಯುಗದವರನ್ನ, ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭಕ್ಕೆ ಇಟ್ಟರು. ಇದ್ದಿಲಿನಂಥ ವಸ್ತುವಿನಲ್ಲಿ ಉಳಿದ ಇಂಗಾಲ ಅಳೆದು ಕಾಲ ಹೇಳೋ ಕಾರ್ಬನ್ ಡೇಟಿಂಗ್ ಆಗಿನ್ನೂ ಬಂದಿರಲಿಲ್ಲ. ಅದು ಬಂದ ಮೇಲೆ ದಕ್ಷಿಣದ ನವಶಿಲಾಯುಗ ಎರಡು ಸಾವಿರ ವರ್ಷದಷ್ಟು ಹಿಂದಕ್ಕೆ ಸರಿಯಿತು. ವೀಲರ್ ದಡ್ಡರಾಗಿರಲಿಲ್ಲ, ಅವರ ಹತ್ತಿರ ಆ ಅಳತೆ ಇರಲಿಲ್ಲ ಅಷ್ಟೇ. ಇದಕ್ಕೇ ನಾನು ನೋಟ್‌ಬುಕ್‌ನಲ್ಲಿ ಪ್ರತಿ ಸುದ್ದಿಯ ಎದುರು ತಿಂಗಳು, ವರ್ಷ ಬರೆದು ಅರ್ಧ ಪುಟ ಖಾಲಿ ಬಿಡೋದು. ನೀವೂ ಬಿಡಿ.

ಆಕಾಶದ ಸುದ್ದಿಗೆ ಒಂದು ಚಿಕ್ಕ ಅಳತೆಗೋಲು ಇದೆ: ಸಿಗ್ಮಾ. ಬರೀ ಆಕಸ್ಮಿಕದಿಂದ ಇಂಥ ಗುರುತು ಕಾಣೋದು ಎಷ್ಟು ಅಪರೂಪ ಅಂತ ಹೇಳೋ ಸಂಖ್ಯೆ ಅದು, ಹೆಚ್ಚಾದಷ್ಟೂ ಗಟ್ಟಿ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಜೀವದ ಸುಳಿವು ಅಂತ 2025ರ ಏಪ್ರಿಲ್‌ನಲ್ಲಿ ಬಂದಾಗ, ಆ ತಂಡವೇ ಕೊಟ್ಟದ್ದು 3 ಸಿಗ್ಮಾ. ಭೌತವಿಜ್ಞಾನದವರು ಆವಿಷ್ಕಾರ ಅನ್ನೋದು 5 ಬಂದ ಮೇಲೆ. ಆ ತಂಡ ನೋಡಿದ್ದು ಗ್ರಹದ ವಾತಾವರಣ ಹಾದು ಬಂದ ಒಂದಿಷ್ಟು ಬೆಳಕು. ಆ ಬೆಳಕಲ್ಲಿ ಕಂಡ ಗುರುತು ಯಾವ ಅನಿಲದ್ದು ಅನ್ನೋದೇ ಇನ್ನೂ ಜಗಳ.

ನಮ್ಮ ಕಡೆಯ ಸುದ್ದಿಗೂ ರಿಯಾಯಿತಿ ಬೇಡ. 2024ರಲ್ಲಿ ಚಳ್ಳಕೆರೆ ಹತ್ತಿರ ಇಸ್ರೋದ ಪುಷ್ಪಕ್, ಅಂದ್ರೆ ಮತ್ತೆ ಮತ್ತೆ ಬಳಸೋಕೆ ಅಂತ ಮಾಡ್ತಿರೋ ರೆಕ್ಕೆಯ ಉಡಾವಣಾ ವಾಹನದ ಮಾದರಿ, ಇಳಿದಾಗ ಫ್ಯಾಮಿಲಿ ಗ್ರೂಪಿನಲ್ಲಿ "ಅಂತರಿಕ್ಷದಿಂದ ನಮ್ಮೂರಿಗೆ" ಅಂತ ಓಡಾಡ್ತು. ಅದನ್ನ ಬಿಟ್ಟಿದ್ದು ಚಿನೂಕ್ ಹೆಲಿಕಾಪ್ಟರ್, ಸುಮಾರು 4.5 ಕಿ.ಮೀ. ಎತ್ತರದಿಂದ. ಪರೀಕ್ಷೆ ಇದ್ದದ್ದು ತಾನೇ ದಾರಿ ತಿದ್ದಿಕೊಂಡು ರನ್‌ವೇ ಮೇಲೆ ಇಳಿಯುತ್ತಾ ಅಂತ, ಅದಕ್ಕೇ ಬೇಕಂತ ರನ್‌ವೇಯಿಂದ ಆಚೆಗೆ ಬಿಟ್ಟಿದ್ದರು. ನನಗಂತೂ ಅಂತರಿಕ್ಷಕ್ಕಿಂತ ಇದೇ ಹೆಚ್ಚು ರುಚಿಸಿತು. ಗ್ರೂಪಿನಲ್ಲೂ ಇಷ್ಟನ್ನೇ ಬರೆದು ಹಾಕಿದೆ.