ಪೊಲೀಸ್ ನಿಲ್ಲಿಸಿದ, ಡಬ್ಬಿ ತಡವಾಗಿ ಕೂಗಿತು: ವರ್ಜೀನಿಯಾದಲ್ಲಿ ಸ್ಪೀಡಿಂಗ್ ಟಿಕೆಟ್ ಬಿದ್ದರೆ

ಅಮೆರಿಕದ ವರ್ಜೀನಿಯಾಕ್ಕೆ ಹೊಸದಾಗಿ ಬಂದಿದ್ದೀರಾ? ಹಾಗಾದರೆ 85 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ. ಇಲ್ಲಿ ಗಂಟೆಗೆ 85 ಮೈಲಿ ದಾಟಿದರೆ ಅದು ಬರೀ ಟಿಕೆಟ್ ಅಲ್ಲ, ಕ್ರಿಮಿನಲ್ ಕೇಸು. ರಸ್ತೆಯ ಮಿತಿ 70 ಇದ್ದರೂ ಅಷ್ಟೇ. 86ರಲ್ಲಿ ಹೋಗುತ್ತಿದ್ದವನು "ಬರೀ 16 ಜಾಸ್ತಿ ತಾನೇ" ಅಂದುಕೊಳ್ಳುತ್ತಾನೆ. ಕಾನೂನು ಅದನ್ನು ರೆಕ್ಲೆಸ್ ಡ್ರೈವಿಂಗ್, ಅಂದರೆ ಅಜಾಗರೂಕ ಚಾಲನೆ, ಅನ್ನುತ್ತದೆ.

ನನಗೆ ಇದು ಗೊತ್ತಾದದ್ದು ಐ-81 ಹೆದ್ದಾರಿಯ ಪಕ್ಕದಲ್ಲಿ. ಶೆನಂಡೋವಾ ಕಣಿವೆ, ಶನಿವಾರ ಬೆಳಗ್ಗೆ. ಅತ್ತೆ ಮಾವನಿಗೆ ನ್ಯಾಚುರಲ್ ಬ್ರಿಡ್ಜ್ ಅನ್ನುವ ಕಲ್ಲಿನ ಕಮಾನು ತೋರಿಸೋಣ ಅಂತ ನಾವಿರುವ ಆಶ್‌ಬರ್ನ್‌ನಿಂದ ಹೊರಟಿದ್ದೆವು. ಮಾವ ಮುಂದಿನ ಸೀಟಿನಲ್ಲಿ ಕೋಡುಬಳೆ ತಿನ್ನುತ್ತಿದ್ದರು. ಗಾಜಿನ ಮೇಲೆ ನನ್ನ ರೇಡಾರ್ ಡಿಟೆಕ್ಟರ್, ಅಂದರೆ ಪೊಲೀಸರು ವೇಗ ಅಳೆಯಲು ಬಿಡುವ ರೇಡಾರ್ ಅಲೆ ತಾಗಿದರೆ ಕೂಗುವ ಡಬ್ಬಿ, ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಎರಡು ದಿಕ್ಕಿನ ರಸ್ತೆಗಳ ನಡುವೆ ಅಗಲವಾದ ಹುಲ್ಲಿನ ಜಾಗ ಇದೆಯಲ್ಲ, ಅಲ್ಲಿ ಮರಗಳ ಹಿಂದೆ ಪೊಲೀಸ್ ಕಾರು ನಿಂತಿತ್ತು. ಡಿಟೆಕ್ಟರ್ ಒಂದೇ ಸಲ ಕಿರುಚಿತು. ನಾನು ಬ್ರೇಕ್ ಒತ್ತುವಷ್ಟರಲ್ಲಿ ಕನ್ನಡಿಯಲ್ಲಿ ನೀಲಿ ದೀಪ. ಮಿತಿ 70, ಅವರ ಲೆಕ್ಕದಲ್ಲಿ ನನ್ನ ವೇಗ 87.

ಆ ಡಬ್ಬಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಹೊಸಬರೆಲ್ಲ ಕೇಳೋದು ಅದನ್ನೇ. ನಾನು ಅದಕ್ಕೆ ಒಂದೂವರೆ ತಿಂಗಳ ಮುಂಚೆ ನ್ಯೂಜೆರ್ಸಿಯಿಂದ ಬಂದವನು. ಅಲ್ಲಿ ಸ್ವಂತ ಕಾರಿನಲ್ಲಿ ಡಿಟೆಕ್ಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಅಲ್ಲಿನ ಎಡಿಸನ್ ಊರಿನ ಗೆಳೆಯನೊಬ್ಬ ತನ್ನ ಹಳೇದನ್ನು ಕೊಟ್ಟಿದ್ದ. ವರ್ಜೀನಿಯಾದಲ್ಲಿ ಅದು ನಿಷೇಧ. ಇಡೀ ದೇಶದಲ್ಲಿ ಸಾಮಾನ್ಯ ಕಾರಿಗೂ ಇದನ್ನು ನಿಷೇಧಿಸಿರುವ ರಾಜ್ಯ ಇದೊಂದೇ. ಪಕ್ಕದ ವಾಷಿಂಗ್ಟನ್ ಡಿ.ಸಿ.ಯಲ್ಲೂ ನಿಷೇಧ. ದೊಡ್ಡ ವಾಣಿಜ್ಯ ಟ್ರಕ್ಕುಗಳಿಗಂತೂ ದೇಶದಲ್ಲೆಲ್ಲೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಟೆಕ್ಟರ್ ಇರಬಹುದು, ಮುಂದಿನ ಗಾಜಿಗೆ ಅಂಟಿಸುವಂತಿಲ್ಲ. ರೇಡಾರನ್ನೇ ಕೆಡಿಸುವ ಜಾಮರ್ ಮಾತ್ರ ಎಲ್ಲ ಕಡೆಯೂ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅದರ ಹತ್ತಿರಕ್ಕೂ ಹೋಗಬೇಡಿ.

ವರ್ಜೀನಿಯಾದಲ್ಲಿ ಡಿಟೆಕ್ಟರ್ ಆನ್ ಇತ್ತು ಅಂತ ಪೊಲೀಸರು ತೋರಿಸಬೇಕಾಗಿಲ್ಲ. ಕಾರಿನಲ್ಲಿ ಸಿಕ್ಕರೆ ಸಾಕು. ವಿನಾಯಿತಿ ಒಂದೇ: ಅದಕ್ಕೆ ಕರೆಂಟು ಸಿಗುವಂತಿರಬಾರದು, ಕಾರಿನೊಳಗೆ ಯಾರ ಕೈಗೂ ಸುಲಭವಾಗಿ ಎಟುಕುವಂತಿರಬಾರದು. ಅಂದರೆ ಬೇರೆ ರಾಜ್ಯದಿಂದ ಈ ದಾರಿಯಲ್ಲಿ ಹಾದು ಹೋಗುವವರು ವೈರು ಕಿತ್ತು ಡಿಕ್ಕಿಗೆ ಹಾಕಿ. "ಬಚ್ಚಿಟ್ಟರೆ ಹೇಗೆ ಗೊತ್ತಾಗುತ್ತೆ" ಅನ್ನಬೇಡಿ. ಡಿಟೆಕ್ಟರ್ ಕೂಡ ಸಣ್ಣದಾಗಿ ಅಲೆಗಳನ್ನು ಸೋರಿಸುತ್ತದೆ. ಆ ಸೋರಿಕೆ ಹಿಡಿಯುವ ಇನ್ನೊಂದು ಯಂತ್ರ ಪೊಲೀಸರಿಗಿದೆ. ಕಳ್ಳನನ್ನು ಹಿಡಿಯುವವನನ್ನು ಹಿಡಿಯುವವನು, ಅಲ್ವಾ?

ಸರಿ, ಕಾನೂನು ಬಿಡೋಣ. ಅದು ಕೆಲಸವಾದರೂ ಮಾಡುತ್ತದಾ? ನಮ್ಮೂರು ತಿಪಟೂರಿನ ಕಡೆ. ರಾತ್ರಿ ತೋಟದಲ್ಲಿ ಕಾಯಿ ಕದಿಯಲು ಬಂದವನನ್ನು ನೆನೆಸಿಕೊಳ್ಳಿ. ಕಾವಲುಗಾರ ಬ್ಯಾಟರಿ ಬಿಡುತ್ತಾ ಬಂದರೆ ಕಳ್ಳನಿಗೆ ಆ ಬೆಳಕು ಬಹಳ ದೂರದಿಂದಲೇ ಕಾಣುತ್ತದೆ. ಕಾವಲುಗಾರನಿಗೆ ಕಳ್ಳ ಇನ್ನೂ ಕಂಡಿರುವುದಿಲ್ಲ. ಡಿಟೆಕ್ಟರ್ ನಂಬಿರುವುದು ಈ ಅನುಕೂಲವನ್ನೇ. ಆದರೆ ಕಾವಲುಗಾರ ಕತ್ತಲಲ್ಲಿ ಸುಮ್ನೆ ಕೂತಿದ್ದು, ಹೆಜ್ಜೆ ಸದ್ದು ಹತ್ತಿರ ಬಂದಾಗಲೇ ಬ್ಯಾಟರಿ ಒತ್ತಿದರೆ? ಈಗಿನ ರೇಡಾರುಗಳಲ್ಲಿ ಹಾಗೆ ಮಾಡಬಹುದು. ನಿಮ್ಮ ಕಾರು ಹತ್ತಿರ ಬರುವವರೆಗೂ ಅಲೆ ಹೊರಗೆ ಬರುವುದೇ ಇಲ್ಲ. ನನಗಾದದ್ದು ಅದೇ. ನಿಮಗಿಂತ ಮುಂದೆ ಇನ್ನೊಬ್ಬ ಜೋರಾಗಿ ಹೋಗುತ್ತಿದ್ದು, ಅವನ ಮೇಲೆ ಬಿಟ್ಟ ಅಲೆ ಚದುರಿ ನಿಮ್ಮ ಡಬ್ಬಿಗೆ ತಗುಲಿದರೆ ಮಾತ್ರ ಮುನ್ಸೂಚನೆ. ಖಾಲಿ ರಸ್ತೆಯಲ್ಲಿ ಆ ಮುಂದಿನವನು ನೀವೇ.

ಲೇಸರ್ ಗನ್ ಇನ್ನೂ ಕಷ್ಟ. ಸಾವಿರ ಅಡಿ ದೂರದಲ್ಲೂ ಅದರ ಕಿರಣ ಸುಮಾರು ಮೂರು ಅಡಿ ಅಗಲ. ನೇರ ನಿಮ್ಮ ನಂಬರ್ ಪ್ಲೇಟಿಗೇ ಗುರಿ. ಡಬ್ಬಿ ಕೂಗುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ.

ಇನ್ನು ಸುಳ್ಳು ಕೂಗು. ಪೊಲೀಸ್ ರೇಡಾರುಗಳು ಬಳಸುವ ಕೆ ಬ್ಯಾಂಡ್ ಅನ್ನುವ ಅಲೆಗಳು 24 ಗಿಗಾಹರ್ಟ್ಸ್ ಆಸುಪಾಸಿನಲ್ಲಿವೆ. ಎಷ್ಟೋ ಕಾರುಗಳಲ್ಲಿ ಪಕ್ಕದ ಲೇನಿನ ವಾಹನ ತೋರಿಸುವ ಸೆನ್ಸರ್ ಕೂಡ ಅಲ್ಲೇ ಕೆಲಸ ಮಾಡುತ್ತದೆ. ಅಂಗಡಿಯ ತಾನೇ ತೆರೆಯುವ ಬಾಗಿಲುಗಳದ್ದೂ ಅದೇ ಕಥೆ. ದಿನಕ್ಕೆ ನಲವತ್ತು ಸಲ ಕೂಗುತ್ತಿದ್ದ ಡಬ್ಬಿಯ ದನಿಯನ್ನು ನಾನೇ ತಗ್ಗಿಸಿದ್ದೆ. ದನಿ ತಗ್ಗಿಸಿದ ಮೇಲೂ ಅದರ ಮೇಲಿನ ಭರವಸೆ ಮಾತ್ರ ತಗ್ಗಿರಲಿಲ್ಲ. ಆ ಭರವಸೆಯಲ್ಲೇ ಐದು ಮೈಲಿ ಜಾಸ್ತಿ ಓಡಿಸುತ್ತಿದ್ದೆ ಅಂತ ಈಗ ಅನ್ನಿಸುತ್ತದೆ. ಮುಂದೆ ಪೊಲೀಸ್ ಇದ್ದಾರೆ ಅಂತ ಬೇರೆ ಚಾಲಕರು ಹೇಳುವ ವೇಜ್ ಆ್ಯಪ್ ಇಲ್ಲಿ ತಪ್ಪಲ್ಲ. ಹೆಚ್ಚು ಕೆಲಸಕ್ಕೆ ಬರುವುದೂ ಅದೇ.

ಈಗ ನಿಲ್ಲಿಸಿದಾಗಿನ ವಿಷಯ. ಊರಿನ ಅಭ್ಯಾಸ ಬಿಡಬೇಕಾದ ಜಾಗ ಇದು. ಇಂಡಿಕೇಟರ್ ಹಾಕಿ ಬಲಗಡೆ ನಿಲ್ಲಿಸಿ, ಎಂಜಿನ್ ಆರಿಸಿ, ಗಾಜು ಇಳಿಸಿ. ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗಿರಲಿ. ಕೆಳಗಿಳಿಯಬೇಡಿ. ನಮ್ಮಲ್ಲಿ ಇಳಿದು ಹೋಗಿ ಮಾತಾಡುವುದು ಮರ್ಯಾದೆ, ಇಲ್ಲಿ ಅದು ಬೆದರಿಕೆಯ ಹಾಗೆ ಕಾಣುತ್ತದೆ. ಕೇಳುವ ಮುಂಚೆ ಗ್ಲೋವ್ ಬಾಕ್ಸಿಗೆ ಕೈ ಹಾಕಬೇಡಿ. ಕೇಳಿದಾಗ "ಇನ್ಶೂರೆನ್ಸ್ ಅಲ್ಲಿದೆ, ತೆಗೆಯಲಾ" ಅಂತ ಹೇಳಿ ತೆಗೆಯಿರಿ.

ನಮ್ಮ ಮಾವ ಅಷ್ಟರಲ್ಲಿ ಕೋಡುಬಳೆ ಡಬ್ಬ ಮುಚ್ಚಿ ಬಾಗಿಲಿನ ಹಿಡಿಗೆ ಕೈ ಹಾಕಿದ್ದರು. "ಇರಿ ಅಳಿಯಂದ್ರೇ, ನಾನು ಹೋಗಿ ಮಾತಾಡ್ತೀನಿ. ವಯಸ್ಸಾದವರು ಅಂದ್ರೆ ಕೇಳ್ತಾರೆ."

"ಮಾವ, ದಯವಿಟ್ಟು ಕೂತ್ಕೊಳ್ಳಿ. ಕೈ ಮೇಲಿಡಿ."

"ನೂರು ಡಾಲರ್ ಕೈಗಿಟ್ರೆ ಬಿಡಲ್ವಾ?"

ಪುಣ್ಯಕ್ಕೆ ಆ ಪೊಲೀಸಿಗೆ ಕನ್ನಡ ಬರುತ್ತಿರಲಿಲ್ಲ. ದುಡ್ಡು ತೋರಿಸಿದರೆ ಟಿಕೆಟ್ ಹೋಗಿ ಲಂಚದ ಕೇಸು ಬರುತ್ತದೆ. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೊರಡುವ ಮುಂಚೆಯೇ ಇದನ್ನು ಹೇಳಿಡಿ.

ನಾನು ಮಾಡಿದ ತಪ್ಪು ಬೇರೆ. "ಯಾಕೆ ನಿಲ್ಲಿಸಿದೆ ಗೊತ್ತಾ" ಅಂತ ಕೇಳಿದರು. ನನ್ನ ಬಾಯಿಂದ ತಾನಾಗಿ ಬಂತು: "ಸಾರಿ ಸರ್, ಸ್ವಲ್ಪ ಜಾಸ್ತಿ ಹೋಗ್ತಿದ್ದೆ." ನಮಗೆ ಸಾರಿ ಅನ್ನುವುದು ವಿನಯ, ಕೋರ್ಟಿಗೆ ಅದು ಒಪ್ಪಿಗೆ. ಸುಳ್ಳು ಹೇಳಬೇಡಿ, ವಾದವನ್ನೂ ಮಾಡಬೇಡಿ. "ನೀವೇ ಹೇಳಿ ಸರ್" ಅಂದರೆ ಸಾಕು. ಕೊನೆಗೆ ಸಮನ್ಸ್ ಮೇಲೆ ಸಹಿ ಕೇಳುತ್ತಾರೆ. ಹಾಕಿ. ಅದು ತಪ್ಪೊಪ್ಪಿಗೆ ಅಲ್ಲ, ಕೋರ್ಟಿಗೆ ಬರುತ್ತೇನೆ ಅನ್ನುವ ಮಾತು ಅಷ್ಟೇ. ಹಾಕಲ್ಲ ಅಂದರೆ ಕರೆದುಕೊಂಡು ಹೋಗಬಹುದು.

ಮನೆಗೆ ಬಂದ ಮೇಲೆ ಆ ಕಾಗದದಲ್ಲಿ ಕಾನೂನಿನ ಸೆಕ್ಷನ್ ನಂಬರ್ ಹುಡುಕಿ. 46.2-862 ಅಂತಿದ್ದರೆ ಅದು ರೆಕ್ಲೆಸ್. 85 ದಾಟಿದರೂ ಇದೇ, ಮಿತಿಗಿಂತ 20 ಅಥವಾ ಅದಕ್ಕಿಂತ ಹೆಚ್ಚು ಹೋದರೂ ಇದೇ. ಅಂದರೆ 35ರ ರಸ್ತೆಯಲ್ಲಿ 55 ಹೋದರೂ ರೆಕ್ಲೆಸ್. 2020ರ ಜುಲೈಗೆ ಮುಂಚೆ ಮೇಲಿನ ಗೆರೆ 80 ಇತ್ತು, ಆಮೇಲೆ 85 ಮಾಡಿದರು. ಕಾನೂನಿನಲ್ಲಿ ಇದಕ್ಕೆ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. ನನ್ನ ವೇಗಕ್ಕೆ ಜೈಲಿನ ಮಾತು ಬರುವುದು ಅಪರೂಪ ಅಂತ ವಕೀಲರು ಹೇಳಿದರು, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕವಾಗಿ ಆರು ಪಾಯಿಂಟು, ಚಾಲನೆಯ ದಾಖಲೆಯಲ್ಲಿ 11 ವರ್ಷ. ಊರಲ್ಲೂ ಕಾಲ ಬದಲಾಗಿದೆ ಅನ್ನಿ. ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ ಗಂಟೆಗೆ 130 ಕಿಲೋಮೀಟರ್ ದಾಟಿದರೆ ಎಫ್‌ಐಆರ್ ಹಾಕುತ್ತೇವೆ ಅಂದರು. 85 ಮೈಲಿ ಅಂದರೆ 137 ಕಿಲೋಮೀಟರ್, ಹೆಚ್ಚು ಕಡಿಮೆ ಅದೇ ಗೆರೆ.

ಅಷ್ಟು ದೊಡ್ಡದಲ್ಲದ ಮಾಮೂಲಿ ಸ್ಪೀಡಿಂಗ್ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯ ರಸ್ತೆಯಲ್ಲಿ ಮಿತಿಗಿಂತ ಪ್ರತಿ ಮೈಲಿಗೆ 6 ಡಾಲರ್, ಜೊತೆಗೆ ಕೋರ್ಟಿನ ಶುಲ್ಕ. ಒಂಬತ್ತು ಮೈಲಿವರೆಗೆ ಮೂರು ಪಾಯಿಂಟು, 10ರಿಂದ 19ಕ್ಕೆ ನಾಲ್ಕು. ಆನ್‌ಲೈನಿನಲ್ಲೇ ಕಟ್ಟಬಹುದು. ಆದರೆ ಕಟ್ಟಿದರೆ ತಪ್ಪು ಒಪ್ಪಿದ ಹಾಗೆ. ಪಾಯಿಂಟು ಬರುತ್ತದೆ, ಇನ್ಶೂರೆನ್ಸ್ ಏರಬಹುದು. ಕಟ್ಟುವ ಮುಂಚೆ ಒಂದು ದಿನ ಯೋಚಿಸಿ. ಶಾಲೆಯ ಹತ್ತಿರ ಅಥವಾ ರಸ್ತೆ ಕೆಲಸ ನಡೆಯುವ ಕಡೆ ಕ್ಯಾಮೆರಾ ಹಿಡಿದಿದ್ದರೆ ಅದು ಬೇರೆ ಲೆಕ್ಕ. 100 ಡಾಲರ್ ಮೀರದ ಸಿವಿಲ್ ದಂಡ, ಪಾಯಿಂಟು ಇಲ್ಲ. ಕಟ್ಟಿ ಮರೆತುಬಿಡಿ. ಡಿಟೆಕ್ಟರ್ ಇಟ್ಟಿದ್ದಕ್ಕೆ ಅವತ್ತೇ ನನಗೆ ಬಿದ್ದ ಇನ್ನೊಂದು ಟಿಕೆಟ್ ಕೂಡ ಹಾಗೇ ಪಾಯಿಂಟಿಲ್ಲದ ಬರೀ ದಂಡ.

ರೆಕ್ಲೆಸ್ ಆದರೆ ವಕೀಲರು ಬೇಕು. ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಟಿಕೆಟ್ ಬಿದ್ದ ಮೂರೇ ದಿನಕ್ಕೆ ನನ್ನ ಅಂಚೆ ಪೆಟ್ಟಿಗೆಯಲ್ಲಿ ವಕೀಲರ ಹದಿನೇಳು ಕಾಗದ ಇದ್ದವು. ಕೋರ್ಟಿನ ದಾಖಲೆ ನೋಡಿ ಅವರೇ ಕಳಿಸುತ್ತಾರೆ. ಹೆಂಡತಿ ಗಾಬರಿಯಿಂದ "ಏನ್ರೀ ಇದು, ಊರಿಗೆಲ್ಲಾ ಗೊತ್ತಾಯ್ತಾ" ಅಂದಳು. ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಆ ಕೋರ್ಟಿಗೆ ನೀವು ವಾರಕ್ಕೆ ಎಷ್ಟು ಸಲ ಹೋಗುತ್ತೀರಿ? ಕೇಸು ನಡೆಯುವುದು ಟಿಕೆಟ್ ಬಿದ್ದ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ), ನೀವು ಇರುವ ಕಡೆ ಅಲ್ಲ. ಅಲ್ಲಿನವರೇ ಆಗಲಿ.

ನಮ್ಮ ವಕೀಲರು ಹೇಳಿದ ಮೊದಲ ಕೆಲಸ ಸ್ಪೀಡೋಮೀಟರ್ ಪರೀಕ್ಷೆ. ಒಂದು ಗ್ಯಾರೇಜಿನಲ್ಲಿ ಮುಂದಿನ ಚಕ್ರಗಳನ್ನು ರೋಲರುಗಳ ಮೇಲೆ ನಿಲ್ಲಿಸಿದರು. ಕಾರು ನಿಂತಲ್ಲೇ ಓಡಿತು. ಡ್ಯಾಶ್‌ಬೋರ್ಡು 84 ತೋರಿಸುವಾಗ ರೋಲರಿನ ಮೀಟರು 87 ಅಂದಿತು. ಮೆಕ್ಯಾನಿಕ್ ಬಗ್ಗಿ ಟೈರಿನ ಮೇಲಿನ ಅಂಕಿ ಓದಿ ನಕ್ಕ. ಹಿಂದಿನ ಮಾಲೀಕ ಕಂಪನಿ ಹೇಳಿದ್ದಕ್ಕಿಂತ ದೊಡ್ಡ ಟೈರು ಹಾಕಿಸಿದ್ದ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಬಾಗಿಲಿನ ಒಳಗಡೆ ಅಂಟಿಸಿರುವ ಚೀಟಿಯ ಅಳತೆಗೂ ಟೈರಿನ ಅಳತೆಗೂ ತಾಳೆ ನೋಡಿ. ಆ ಪರೀಕ್ಷೆಯ ಸರ್ಟಿಫಿಕೇಟನ್ನು ಇಲ್ಲಿನ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪೊಲೀಸರ ಕಡೆಯೂ ಅಷ್ಟೇ. ಅವರ ರೇಡಾರನ್ನು ಆರು ತಿಂಗಳೊಳಗೆ ಪರೀಕ್ಷಿಸಿದ ಕಾಗದ ಇರಬೇಕು. ಅದನ್ನು ಕೇಳುವುದು ವಕೀಲರ ಕೆಲಸ.

ಎರಡನೇ ಕೆಲಸ, ಎಂಟು ಗಂಟೆಯ ಡ್ರೈವರ್ ಇಂಪ್ರೂವ್‌ಮೆಂಟ್ ಕ್ಲಿನಿಕ್. ಕೋರ್ಟು ಹೇಳುವ ಮುಂಚೆಯೇ ಮಾಡಿಕೊಂಡು ಹೋದೆ. ಒಣ ಪಾಠ, ಆದರೆ ಕೈಯಲ್ಲಿ ಸರ್ಟಿಫಿಕೇಟ್ ಇದ್ದರೆ ಜಡ್ಜ್ ನೋಡುವ ರೀತಿಯೇ ಬೇರೆ.

ಕೋರ್ಟಿನಲ್ಲಿ ಕಾದದ್ದು ಎರಡು ಗಂಟೆ, ನಮ್ಮ ಕೇಸು ನಡೆದದ್ದು ನಾಲ್ಕು ನಿಮಿಷ. ಪೊಲೀಸ್ ತಮ್ಮ ಟಿಪ್ಪಣಿ ಓದಿದರು. ನನ್ನ "ಸಾರಿ ಸರ್" ಕೂಡ ಅದರಲ್ಲಿತ್ತು. ಆಮೇಲೆ "ಮಾತುಕತೆಯಲ್ಲಿ ಮರ್ಯಾದೆಯಾಗಿದ್ದರು" ಅಂತಲೂ ಹೇಳಿದರು. ರೆಕ್ಲೆಸ್ ಅನ್ನು ಇಂಪ್ರಾಪರ್ ಡ್ರೈವಿಂಗ್‌ಗೆ ಇಳಿಸಿದರು. ಮೂರು ಪಾಯಿಂಟು, 250 ಡಾಲರ್ ದಂಡ. ಇದು ಅಪರಾಧ ಅಲ್ಲ, ಬರೀ ಸಂಚಾರ ನಿಯಮದ ಉಲ್ಲಂಘನೆ. ತೀರ್ಪು ಒಪ್ಪಿಗೆಯಾಗದಿದ್ದರೆ ಹತ್ತು ದಿನದೊಳಗೆ ಮೇಲಿನ ಸರ್ಕ್ಯೂಟ್ ಕೋರ್ಟಿಗೆ ಹೋಗಬಹುದು, ಅಲ್ಲಿ ಕೇಸು ಮೊದಲಿಂದ ನಡೆಯುತ್ತದೆ. ಕೋರ್ಟಿನ ದಿನ ತಪ್ಪಿಸಿಕೊಳ್ಳುವುದನ್ನು ಮಾತ್ರ ಮಾಡಲೇಬೇಡಿ, ವಾರಂಟ್ ಬರಬಹುದು.

ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ. ರೆಕ್ಲೆಸ್ ಅನ್ನುವುದು ಕ್ರಿಮಿನಲ್ ದಾಖಲೆ. ಕೆಲಸದ ವೀಸಾ ಎಚ್-1ಬಿ ಸ್ಟ್ಯಾಂಪಿಂಗ್‌ಗೆ ಹೋಗುವಾಗ ತುಂಬುವ ಡಿಎಸ್-160 ಅರ್ಜಿಯಲ್ಲಿ ಬಂಧನ, ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಗ್ರೀನ್ ಕಾರ್ಡಿನ ಅರ್ಜಿ ಐ-485 ಇನ್ನೂ ಅಗಲವಾಗಿ ಕೇಳುತ್ತದೆ. ಏನು ಬರೆಯಬೇಕು ಅಂತ ಊಟದ ಮನೆಯಲ್ಲಿ ಸಿಕ್ಕವರನ್ನು ಕೇಳಬೇಡಿ, ವಲಸೆ ವಕೀಲರನ್ನು ಕೇಳಿ. ಕೇಸು ಮುಗಿದ ದಿನವೇ ಕೋರ್ಟಿನ ಗುಮಾಸ್ತರ ಕಿಟಕಿಗೆ ಹೋಗಿ ತೀರ್ಪಿನ ದೃಢೀಕೃತ ಪ್ರತಿ ಎರಡು ತೆಗೆದುಕೊಳ್ಳಿ. ಕೋರ್ಟು ಹಳೆಯ ಕಡತಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ, ವಲಸೆ ಇಲಾಖೆ ಮಾತ್ರ ಎಷ್ಟು ವರ್ಷವಾದರೂ ಕೇಳುತ್ತದೆ. ನನ್ನ ಒಂದು ಪ್ರತಿ ಪಾಸ್‌ಪೋರ್ಟ್ ಫೈಲಿನಲ್ಲಿದೆ, ಇನ್ನೊಂದು ತಿಪಟೂರಿನ ಬೀರುವಿನಲ್ಲಿ.

ಟೈರು ಅದೇ ವಾರ ಬದಲಾಯಿಸಿದೆ. ಡಿಟೆಕ್ಟರನ್ನು ಮುಂದಿನ ತಿಂಗಳು ಎಡಿಸನ್‌ಗೆ ಹೋದಾಗ ಗೆಳೆಯನಿಗೆ ವಾಪಸ್ ಕೊಟ್ಟೆ. ಅಲ್ಲಿಯವರೆಗೂ ಅದು ಡಿಕ್ಕಿಯಲ್ಲಿತ್ತು, ವೈರು ಬೇರೆ ಮಾಡಿ, ಅತ್ತೆ ತಂದಿದ್ದ ಹಪ್ಪಳದ ಡಬ್ಬದೊಳಗೆ.