ಬೆಳಕೇ ಕಾಣದ ಹಾರರ್ ಸಿನಿಮಾವನ್ನು ತೂಗಿ ನೋಡುವ ಬಗೆ

ಕೆಲವು ಹಾರರ್ ಸಿನಿಮಾಗಳು ಹೆದರಿಸಿ ಮನೆಗೆ ಕಳಿಸುತ್ತವೆ. ಇನ್ನು ಕೆಲವು ಹೆದರಿಸುವುದಕ್ಕಿಂತ ಜಾಸ್ತಿ ಮನಸ್ಸನ್ನು ಕುಗ್ಗಿಸುತ್ತವೆ. ಕೊನೆಗೆ ಯಾರೂ ಉಳಿಯುವುದಿಲ್ಲ, ಉಳಿದವರಿಗೂ ನೆಮ್ಮದಿ ಇರುವುದಿಲ್ಲ. ಇಂಥದ್ದನ್ನು ನೋಡಿದ ಮೇಲೆ ನಾಲ್ಕು ಸಾಲು ಬರೆಯಲು ಕೂತರೆ ಹಲವರು ‘ತುಂಬಾ ಡಾರ್ಕ್ ಆಗಿತ್ತು’ ಎಂದು ಬರೆದು ನಿಲ್ಲಿಸುತ್ತಾರೆ. ಅದು ಹೊಗಳಿಕೆಯೋ ದೂರೋ ಓದುವವರಿಗೆ ಗೊತ್ತಾಗುವುದಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು, ಕನ್ನಡ ಟೀಚರ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಳೆಗಾಲದಲ್ಲಿ ನಮ್ಮೂರ ವಾಚನಾಲಯದಲ್ಲಿ ಸಿನಿಮಾ ಹಾಕಿ, ಮುಗಿದ ಮೇಲೆ ಕೂತು ಮಾತಾಡುತ್ತೇವೆ. ಅಲ್ಲಿಗೆ ಬರುವ ಕಾಲೇಜು ಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಿನಿಮಾದಲ್ಲಿ ಕಳೆದುಕೊಳ್ಳುವಂಥದ್ದು ಏನಿತ್ತು? ಸಾಯುವವನ ಒಂದು ಆಸೆ, ಒಂದು ಹಟ, ಅವನು ಯಾರ ಮೇಲೆ ಸಿಟ್ಟಾಗುತ್ತಾನೆ, ಯಾರನ್ನು ಕಾಯುತ್ತಾನೆ, ಇಷ್ಟಾದರೂ ನಮಗೆ ಗೊತ್ತಿರಬೇಕು. ಗುರುತೇ ಇಲ್ಲದವರು ಸತ್ತರೆ ರಕ್ತ ಕಾಣುತ್ತದೆ, ನೋವು ತಟ್ಟುವುದಿಲ್ಲ. ನಿರಾಶೆಯ ಸಿನಿಮಾ ಮಾಡುವವರು ಜನರನ್ನು ಪ್ರೀತಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಪ್ರೀತಿ ಇಲ್ಲದೆ ಸಾಯಿಸುತ್ತಾ ಹೋದರೆ ಅದು ಸುಮ್ನೆ ಕ್ರೌರ್ಯ. ಬಾಕಿ ಎಲ್ಲ ಪರೀಕ್ಷೆಗಳೂ ಇದರ ಹಿಂದೆಯೇ ಬರುತ್ತವೆ.

ಅಭ್ಯಾಸಕ್ಕೆ ನಾನು ಕೊಡುವ ಸಿನಿಮಾ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಜಾರ್ಜ್ ರೊಮೆರೊ ನಿರ್ದೇಶನದ ಕಪ್ಪು ಬಿಳುಪು ಚಿತ್ರ, 96 ನಿಮಿಷ. ಹಂಚಿಕೆದಾರರು ಹೆಸರು ಬದಲಿಸಿದಾಗ ಪ್ರಿಂಟಿನಿಂದ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಂತೆ ಹಕ್ಕೇ ಇಲ್ಲದಂತಾಯಿತು. ಹಾಗಾಗಿ ಇಂಟರ್ನೆಟ್ಟಿನಲ್ಲಿ ದುಡ್ಡು ಕೊಡದೆ, ಕಳ್ಳದಾರಿ ಹಿಡಿಯದೆ ನೋಡಬಹುದು. ಇದರ ಕೊನೆಯನ್ನು ನಾನು ಮುಂದೆ ಹೇಳಿಬಿಡುತ್ತೇನೆ. ನೋಡಿಲ್ಲದವರು ನೋಡಿ ಬಂದು ಓದಿ.

ನೋಡುವ ಕ್ರಮ ಹೀಗೆ. ಟ್ರೈಲರ್ ಬೇಡ. ರಾತ್ರಿ, ಒಂದೇ ಕೂತಲ್ಲಿ ನೋಡಿ. ಫೋನಿನ ಪುಟ್ಟ ಪರದೆಯಲ್ಲೇ ನೋಡಬೇಕಾಗಿ ಬಂದರೆ ಇಯರ್‌ಫೋನ್ ಹಾಕಿಕೊಳ್ಳಿ, ನೋಟಿಫಿಕೇಶನ್ ನಿಲ್ಲಿಸಿ. ಭಾಷೆ ಸ್ವಲ್ಪವಾದರೂ ಗೊತ್ತಿದ್ದರೆ ಡಬ್ಬಿಂಗ್ ಬಿಟ್ಟು ಮೂಲದಲ್ಲೇ ನೋಡಿ. ಭಯದ ಸಿನಿಮಾದಲ್ಲಿ ಉಸಿರು, ಗೊಣಗಾಟ, ಮಾತಿನ ನಡುವಿನ ತಡವರಿಕೆ ಇವೆಲ್ಲ ಕಥೆಯ ಭಾಗ. ಮೊದಲ ಸಲ ಏನೂ ಬರೆದುಕೊಳ್ಳಬೇಡಿ. ಮುಗಿದ ಕೂಡಲೇ ಮೈಗೆ ಏನಾಯಿತು ಎಂದು ಮಾತ್ರ ಬರೆಯಿರಿ. ಎಲ್ಲಿ ಕೈ ತಣ್ಣಗಾಯಿತು, ಎಲ್ಲಿ ಆಕಳಿಕೆ ಬಂತು, ಎಲ್ಲಿ ನೋಡಲಾಗದೆ ಮುಖ ತಿರುಗಿಸಿದಿರಿ. ಅಭಿಪ್ರಾಯವನ್ನು ಮರುದಿನಕ್ಕೆ ಇಡಿ.

ಮರುದಿನ ಹಗಲಿನಲ್ಲಿ, ಹೆದರಿದ ದೃಶ್ಯಗಳನ್ನು ಶಬ್ದ ತೆಗೆದು ಮತ್ತೆ ನೋಡಿ. ಶಬ್ದ ಇಲ್ಲದೆಯೂ ಅಂಜಿಕೆ ಉಳಿದರೆ ಆ ದೃಶ್ಯವನ್ನು ಕಟ್ಟಿದ ಕ್ರಮ ಗಟ್ಟಿಯಾಗಿದೆ. ಪೂರ್ತಿ ಇಳಿದುಹೋದರೆ ನಿಮ್ಮನ್ನು ಹೆದರಿಸಿದ್ದು ದಿಢೀರ್ ಎಂದು ಬಂದ ಸದ್ದು ಮಾತ್ರ. ಆಮೇಲೆ ಕಣ್ಣು ಮುಚ್ಚಿ ಬರೀ ಶಬ್ದ ಕೇಳಿ. ಮಳೆ, ಬಾಗಿಲು, ಹೆಜ್ಜೆ ಇವು ಜಾಗದ ಅಳತೆ ಹೇಳುತ್ತವೆಯೇ? ಅಥವಾ ಎಲ್ಲದರ ಮೇಲೂ ಒಂದೇ ಸಮ ಸಂಗೀತ ಸುರಿದಿದ್ದಾರೆಯೇ?

ಇದಕ್ಕೆ ನನಗೆ ಹತ್ತಿರದ ಉದಾಹರಣೆ ಮಲಯಾಳದ ‘ಭ್ರಮಯುಗಂ’. 2024ರ ಫೆಬ್ರವರಿಯಲ್ಲಿ ಬಂದ ಚಿತ್ರ, ನಿರ್ದೇಶಕ ರಾಹುಲ್ ಸದಾಶಿವನ್. 17ನೇ ಶತಮಾನದ ಮಲಬಾರಿನ ಕಥೆ. ಪಾಣ ಜಾತಿಯ ಹಾಡುಗಾರ ತೇವನ್ ತಪ್ಪಿಸಿಕೊಂಡು ಓಡುತ್ತಾ ಕಾಡಿನೊಳಗಿನ ಪಾಳು ಮನೆಗೆ ಬರುತ್ತಾನೆ. ಯಜಮಾನ ಕೊಡುಮೊಣ್ ಪೋಟ್ಟಿಯ ಪಾತ್ರ ಮಮ್ಮುಟ್ಟಿಯದು. ಜೊತೆಗೆ ಒಬ್ಬ ಅಡುಗೆಯವ. ಅಷ್ಟೇ ಜನ, ಹೆಚ್ಚಿನದೆಲ್ಲ ಅದೇ ಮನೆಯಲ್ಲಿ. ಅಲ್ಲಿ ಮಳೆಯ ಸದ್ದು ನಿಲ್ಲುವುದೇ ಇಲ್ಲ. ಆಟಿ (ಆಷಾಢ) ತಿಂಗಳ ಮಳೆ ಕೇಳಿ ಬೆಳೆದ ನಮಗೆ ಆ ಸದ್ದು ಹೊಸದಲ್ಲ. ಹೊರಗೆ ಹೋಗಲಾಗದ ದಿನಗಳು, ಒಣಗದ ಬಟ್ಟೆ, ಮಧ್ಯಾಹ್ನವೇ ಸಂಜೆಯಂತೆ ಕಾಣುವ ಒಳಕೋಣೆ ಎಲ್ಲ ನೆನಪಾಗುತ್ತದೆ. ಸಿನಿಮಾ ಆ ಸದ್ದಿನಿಂದಲೇ ಬಾಗಿಲು ಹಾಕಿಬಿಡುತ್ತದೆ.

ಇದನ್ನು ತೋರಿಸಿದಾಗ ಒಬ್ಬ ಹುಡುಗ ಕೇಳಿದ: “ಟೀಚರೇ, ಸ್ವಲ್ಪ ಬೋರ್ ಅಲ್ವಾ? ಎಷ್ಟೋ ಹೊತ್ತು ಏನೂ ಆಗಲಿಲ್ಲ.”

“ಆ ಹೊತ್ತು ಮುಗಿದ ಮೇಲೆ ಯಜಮಾನನ ಬಗ್ಗೆ ನಿನಗೆ ಹೊಸದಾಗಿ ಏನಾದರೂ ಗೊತ್ತಾಯ್ತಾ?” ಎಂದೆ.

ಅವನು ಯೋಚಿಸಿ ಹೇಳಿದ: “ಹೌದು ಟೀಚರೇ. ಜಾತಿ ನೋಡದೆ ಒಳಗೆ ಕರೆದ, ಊಟ ಹಾಕಿದ, ಹಾಡಿಸಿದ. ಆದರೆ ಹೋಗು ಅಂತ ಮಾತ್ರ ಹೇಳಲಿಲ್ಲ.”

ನಿಧಾನವನ್ನು ಅಳೆಯುವುದು ಹೀಗೆಯೇ. ನಿಧಾನ ದೃಶ್ಯದ ಕೊನೆಗೆ ನಮಗೆ ಏನೋ ಹೊಸದು ಗೊತ್ತಾಗಿರಬೇಕು, ಇಲ್ಲವೇ ಅಂಜಿಕೆ ಒಂದು ಹೆಜ್ಜೆ ಮುಂದೆ ಹೋಗಿರಬೇಕು. ಎರಡೂ ಇಲ್ಲದಿದ್ದರೆ ಅದು ಕೊರತೆ, ಧೈರ್ಯವಾಗಿ ಬರೆಯಿರಿ. ನಮ್ಮ ಕಡೆಯ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ಒಮ್ಮೆಲೇ ಮುಖ ತೋರಿಸುವುದಿಲ್ಲ. ಮೊದಲು ಆರ್ಭಟ, ಚೆಂಡೆ, ದೊಂದಿಯ ಬೆಂಕಿ, ತೆರೆಯ ಮೇಲೆ ಬರೀ ಕಿರೀಟ. ಮಗು ಅಮ್ಮನ ಸೆರಗು ಹಿಡಿಯುವುದು ಆವಾಗಲೇ. ಭ್ರಮಯುಗಂನ ಮೊದಲರ್ಧಕ್ಕೆ ಈ ಸಂಯಮ ಇದೆ. ಪಗಡೆಯಾಟದ ದೃಶ್ಯವನ್ನು ಗಮನಿಸಿ. ತೇವನ್ ಪಣಕ್ಕೆ ಇಡುವುದು ತನ್ನ ಬದುಕಿನ ಕಾಲವನ್ನೇ. ಕೂಗಾಟ ಇಲ್ಲ, ರಕ್ತ ಇಲ್ಲ. ಬಡವನೊಬ್ಬ ದೊಡ್ಡವರ ಎದುರು ಕೂತು ಸೋಲುತ್ತಾನೆ, ಅಷ್ಟೆ. ನನಗೆ ಇಡೀ ಚಿತ್ರದಲ್ಲಿ ಅತಿ ಭಯ ಹುಟ್ಟಿಸಿದ್ದು ಅದು.

ಕೊರತೆಯೂ ಇದೆ. ಎರಡನೇ ಅರ್ಧದಲ್ಲಿ ಆ ಮನೆಯ ಹಿಂದಿನ ಕಥೆಯನ್ನು ಬಾಯಿಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಕೊನೆ ಕೊನೆಗೆ ಭಯ ಹೋಗಿ ಹೊಡೆದಾಟ ಬರುತ್ತದೆ. ಯಕ್ಷಿ ಬರುವ ಭಾಗ ಕಣ್ಣಿಗೆ ಚಂದ, ಆದರೆ ಆ ಹೆಂಗಸಿಗೆ ಸ್ವಂತ ಕಥೆಯೇ ಇಲ್ಲ. ಆದರೂ ನಾನು ಈ ಚಿತ್ರದ ಪರ. ಏಕೆಂದರೆ ಅದು ಅಧಿಕಾರದ ಬಗ್ಗೆ ಹೇಳುವುದನ್ನು ಕೊನೆಯ ತನಕ ಬಿಟ್ಟುಕೊಡುವುದಿಲ್ಲ.

ವಿವರಣೆ ಎಂದಾಗ ರೊಮೆರೊ ಚಿತ್ರಕ್ಕೂ ಅದೇ ಮಾತು. ಸತ್ತವರು ಎದ್ದು ಬರುವುದಕ್ಕೆ ಟಿವಿ ವಾರ್ತೆಯಲ್ಲಿ ಒಂದು ಕಾರಣ ಕೊಡುತ್ತಾರೆ, ಶುಕ್ರ ಗ್ರಹದಿಂದ ಮರಳಿದ ನೌಕೆಯ ವಿಕಿರಣ ಅಂತೆ. ಅದು ಬೇಕಿರಲಿಲ್ಲ. ಮೊದಲು ನಮಗೆ ಪರಿಚಯವಾಗುವ ಬಾರ್ಬ್ರಾಳದ್ದೇ ಈ ಕಥೆ ಎಂದು ನಾವು ತಿಳಿದರೆ, ಅವಳು ಬೇಗನೆ ಮಾತು ಕಳೆದುಕೊಂಡು ಸೋಫಾದ ಮೇಲೆ ಕೂತುಬಿಡುತ್ತಾಳೆ. ಆಘಾತ ನಿಜವೇ, ಆದರೆ ಆಮೇಲೆ ಚಿತ್ರ ಅವಳನ್ನು ಮರೆತೇಬಿಡುತ್ತದೆ.

ಹಾಗಾದರೆ ಅದರ ಬಲ ಎಲ್ಲಿದೆ? ಜಗಳದಲ್ಲಿ. ಒಂದು ತೋಟದ ಮನೆ, ಹೊರಗೆ ಸತ್ತವರು. ಬೆನ್ ಎಂಬ ಕಪ್ಪು ಜನಾಂಗದ ಯುವಕ ಕಿಟಕಿ ಬಾಗಿಲಿಗೆ ಹಲಗೆ ಹೊಡೆಯುತ್ತಾನೆ. ಮೇಲೆಯೇ ಇರೋಣ ಎನ್ನುತ್ತಾನೆ. ಹ್ಯಾರಿ ಕೂಪರ್ ಎಂಬವನು ನೆಲಮಾಳಿಗೆಗೆ ಹೋಗೋಣ ಎಂದು ಹಟ ಹಿಡಿಯುತ್ತಾನೆ. ನಮಗೆ ಬೆನ್ ಇಷ್ಟ, ಕೂಪರ್ ಕಂಡರಾಗದು. ಕೊನೆಗೆ ಎಲ್ಲರೂ ಸತ್ತ ಮೇಲೆ ಬೆನ್ ಉಳಿಯುವುದು ಅದೇ ನೆಲಮಾಳಿಗೆಯಲ್ಲಿ. ಬೆಳಗಾಗುತ್ತದೆ, ಬಂದೂಕು ಹಿಡಿದ ಜನ ಬರುತ್ತಾರೆ, ಬದುಕಿದೆವು ಎಂದುಕೊಳ್ಳುತ್ತೇವೆ. ಅವರು ಬೆನ್‌ನನ್ನೂ ಸತ್ತವನೆಂದು ತಿಳಿದು ಗುಂಡು ಹೊಡೆಯುತ್ತಾರೆ. ಆಮೇಲೆ ಬರೀ ನಿಂತ ಫೋಟೋಗಳು, ಪತ್ರಿಕೆಯಲ್ಲಿ ಬಂದ ಹಾಗೆ. ಕೊಕ್ಕೆ ಹಾಕಿ ಅವನ ದೇಹ ಎಳೆಯುತ್ತಾರೆ. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ, ಸಿನಿಮಾ ಬಂದದ್ದು ಅಕ್ಟೋಬರ್‌ನಲ್ಲಿ. ಆ ಪಾತ್ರವನ್ನು ಕಪ್ಪು ಜನಾಂಗದವನೆಂದು ಬರೆದಿರಲಿಲ್ಲ. ಡ್ಯುವೇನ್ ಜೋನ್ಸ್ ಆ ಪಾತ್ರ ಮಾಡಿದ್ದರಿಂದ ನೋಡಿದವರಿಗೆ ಅದು ಬೇರೆಯೇ ಅರ್ಥ ಕೊಟ್ಟಿತು.

ಕೊನೆಯನ್ನು ಪರೀಕ್ಷಿಸುವುದನ್ನು ಇಲ್ಲಿಂದ ಕಲಿಯಿರಿ. ಕರಾಳ ಕೊನೆ ಎಂಬ ಕಾರಣಕ್ಕೇ ಹೊಗಳಬೇಡಿ, ಬೇಸರವಾಯಿತು ಎಂದು ತೆಗಳಲೂ ಬೇಡಿ. ಹಿಂದೆ ಹೋಗಿ ಹುಡುಕಿ: ಇದರ ಬೀಜ ಮೊದಲೇ ಬಿದ್ದಿತ್ತೇ? ಆ ಬಂದೂಕಿನ ಜನರನ್ನು ನಾವು ಟಿವಿ ವಾರ್ತೆಯಲ್ಲಿ ಮೊದಲೇ ನೋಡಿರುತ್ತೇವೆ. ಎಷ್ಟು ಸಲೀಸಾಗಿ ಗುಂಡು ಹೊಡೆಯುತ್ತಾರೆ ಎಂಬುದೂ ಗೊತ್ತಿರುತ್ತದೆ. ಹಾಗಾಗಿ ಕೊನೆ ಮೋಸವಲ್ಲ. ಬೀಜವೇ ಇಲ್ಲದೆ ಕೊನೆಯ ನಿಮಿಷದಲ್ಲಿ ಎಲ್ಲರನ್ನೂ ಕೊಲ್ಲುವ ಸಿನಿಮಾಗಳಿವೆ. ಅದನ್ನು ದಿಟ್ಟತನ ಎಂದು ಕರೆಯುವುದು ನನಗೆ ಒಪ್ಪಿಗೆ ಇಲ್ಲ.

ಕಪ್ಪು ಬಿಳುಪಿನ ಬಗ್ಗೆ ಎರಡು ಮಾತು. ರೊಮೆರೊ ಅದನ್ನು ಬಳಸಿದ್ದು ದುಡ್ಡು ಇಲ್ಲದ್ದಕ್ಕೆ. ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು. ಭ್ರಮಯುಗಂನವರು ಬೇಕೆಂದೇ ಆರಿಸಿಕೊಂಡರು. ಕಾರಣ ಯಾವುದೇ ಇರಲಿ, ನಾವು ನೋಡಬೇಕಾದದ್ದು ಕತ್ತಲಿನೊಳಗೂ ಮುಖ ಕಾಣುತ್ತದೆಯೇ, ಯಾರು ಎಲ್ಲಿ ನಿಂತಿದ್ದಾರೆ ಗೊತ್ತಾಗುತ್ತದೆಯೇ ಎಂದು. ಏನೂ ಕಾಣದ ದೃಶ್ಯದಲ್ಲಿ ಭಯ ಹುಟ್ಟುವುದಿಲ್ಲ, ತಲೆನೋವು ಬರುತ್ತದೆ.

ನಮ್ಮ ಕಡೆಯವರು ಇನ್ನೊಂದನ್ನು ನೋಡಲೇಬೇಕು. ಕೋಲ, ತೆಯ್ಯಂ ಎಂಬ ದೈವಾರಾಧನೆ, ಗುಳಿಗ ಎಂಬ ದೈವ ಇವೆಲ್ಲ ನಮಗೆ ನಂಬಿಕೆ. ದೈವದ ಕಟ್ಟೆಯ ಎದುರು ದಾಟುವಾಗ ಕೈಮುಗಿಯುತ್ತೇವೆ. ಇವನ್ನು ಕೆಲವು ಸಿನಿಮಾಗಳು ಬರೀ ಬಣ್ಣಕ್ಕೂ ಕಿರುಚಾಟಕ್ಕೂ ಬಳಸುತ್ತವೆ. ದೈವಕ್ಕೂ ಪ್ರೇತಕ್ಕೂ ವ್ಯತ್ಯಾಸವೇ ಇಲ್ಲ ಎಂಬಂತೆ. ಇದು ಭಾವನೆಗೆ ನೋವಾಯಿತು ಎಂಬ ದೂರಲ್ಲ. ಕೋಲ ಕಟ್ಟುವವರ ಬದುಕು, ಜಾತಿ, ಹರಕೆ ಯಾವುದೂ ಗೊತ್ತಿಲ್ಲದೆ ಮುಖವರ್ಣಿಕೆ ಮಾತ್ರ ತಂದರೆ ಆ ದೃಶ್ಯಕ್ಕೆ ಬೇರು ಇರುವುದಿಲ್ಲ. ನಮಗೆ ಗೊತ್ತಿರುವುದನ್ನು ನಾವೇ ಬರೆಯದಿದ್ದರೆ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಕೂತವರು ಬರೆಯುವುದು ಕಷ್ಟ.

ಬರೆಯುವಾಗ ‘ನನಗೆ ತಡೆಯಲಾಗಲಿಲ್ಲ’ ಎಂಬುದನ್ನೂ ‘ಸಿನಿಮಾ ಎಡವಿದೆ’ ಎಂಬುದನ್ನೂ ಬೇರೆ ಬೇರೆ ಸಾಲಿನಲ್ಲಿ ಇಡಿ. ಎರಡೂ ನಿಜವಿರಬಹುದು. ಪ್ರತಿ ಹೊಗಳಿಕೆಗೂ ಒಂದು ದೃಶ್ಯ, ಪ್ರತಿ ದೂರಿಗೂ ಒಂದು ದೃಶ್ಯ ಕೊಡಿ. ಅಂಕ, ನಕ್ಷತ್ರ ಬೇಕಾಗಿಲ್ಲ. ಕೊನೆ ಹೇಳುವುದಿದ್ದರೆ ಮೊದಲೇ ಎಚ್ಚರಿಸಿ.

ಯಾರು ನೋಡಬಾರದು ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ರೊಮೆರೊ ಚಿತ್ರದಲ್ಲಿ ಒಂದು ಪುಟ್ಟ ಹುಡುಗಿ ಸತ್ತು ಎದ್ದು ತನ್ನ ತಾಯಿಯನ್ನೇ ಕೊಲ್ಲುತ್ತಾಳೆ. ಈಚೆಗೆ ಮನೆಯಲ್ಲಿ ಸಾವು ಕಂಡವರು, ಮಗು ಕಳೆದುಕೊಂಡವರು ನಿಮ್ಮ ಬರಹ ಓದಬಹುದು. ಅವರಿಗೆ ಆ ಒಂದು ಸಾಲು ಉಳಿದ ಎಲ್ಲಕ್ಕಿಂತ ಉಪಯೋಗದ್ದು. ಅದನ್ನು ಕೊನೆಯಲ್ಲಿ ಹಾಕಬೇಡಿ, ಮೊದಲ ಪ್ಯಾರಾದಲ್ಲೇ ಹಾಕಿ.