ಬಲಕ್ಕೆ ಹಾಕಿದರೆ ಎಡವೂ ಮಿನುಗಿತು: ಚಿಕ್ಕ ಕಾರಿಗೆ ಹಿಚ್ ಮತ್ತು ಟ್ರೇಲರ್ ಲೈಟು

ಟ್ರೇಲರ್ ಸಿಕ್ಕಿಸಿ ಮೊದಲ ಸಲ ಲೈಟು ನೋಡಿದ ಸಂಜೆ ನಾನು ಡ್ರೈವರ್ ಸೀಟಿನಲ್ಲಿ, ನನ್ನಾಕೆ ಟ್ರೇಲರ್ ಹಿಂದೆ. “ರೀ, ಬಲಕ್ಕೆ ಹಾಕಿದ್ರೆ ಎಡಾನೂ ಮಿಣಮಿಣ ಅಂತಿದೆ. ಬ್ರೇಕ್ ಒತ್ತಿ ನೋಡೋಣ... ಅಯ್ಯೋ, ಈಗ ಎಲ್ಲಾ ಮಂಕು!” ಎರಡು ಗಂಟೆ ಬಣ್ಣಬಣ್ಣದ ವೈರುಗಳನ್ನು ಅದಲುಬದಲು ಮಾಡಿದೆ. ತಪ್ಪು ಅಲ್ಲಿರಲೇ ಇಲ್ಲ. ಅರ್ತ್ ವೈರನ್ನು, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ಸಾಗುವ ವೈರನ್ನು, ನಾನು ಬಣ್ಣ ಬಳಿದ ಚಾಸಿಯ ಮೇಲೆ ಹಾಗೇ ಬೋಲ್ಟ್ ಹಾಕಿ ಕೂರಿಸಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ, ಮೊದಲು ಹಿಚ್, ಅಂದರೆ ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದೆ ಹಾಕುವ ಗುಂಡು ತಲೆಯ ಕೊಂಡಿ.

ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಕಾರಿನ ಕೈಪಿಡಿ ತೆಗೆಯಿರಿ. ಅದರಲ್ಲಿ ಎರಡು ಅಂಕಿ ಬೇಕು: ಬ್ರೇಕ್ ಇಲ್ಲದ ಟ್ರೇಲರ್ ಎಷ್ಟು ಕಿಲೋ ಎಳೆಯಬಹುದು, ಹಿಚ್ಚಿನ ಗುಂಡಿನ ಮೇಲೆ ಎಷ್ಟು ಕಿಲೋ ಕೂರಬಹುದು. ಕೆಲವು ಚಿಕ್ಕ ಕಾರುಗಳಿಗೆ ಎಳೆಯುವ ಅನುಮತಿಯೇ ಇರುವುದಿಲ್ಲ. ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಎಂಜಿನ್ ಎಳೆದೀತು, ಆದರೆ ಬ್ರೇಕು, ಕ್ಲಚ್ಚು, ಹಿಂದಿನ ಸ್ಪ್ರಿಂಗು ಅಷ್ಟಕ್ಕೆ ಮಾಡಿದವಲ್ಲ.

ನಿಮ್ಮ ಮಾಡೆಲ್ಲಿಗೇ ಮಾಡಿದ ಹಿಚ್ ತನ್ನಿ. ಅದರ ಬೋಲ್ಟ್ ತೂತುಗಳು ಬಹಳಷ್ಟು ಕಾರುಗಳಲ್ಲಿ ಚಾಸಿಯ ಉದ್ದನೆಯ ತೊಲೆಯಲ್ಲಿ ಮೊದಲೇ ಇರುತ್ತವೆ, ರಬ್ಬರ್ ಬಿರಡೆಯೋ ಟೇಪೋ ಅವನ್ನು ಮುಚ್ಚಿರುತ್ತದೆ. ಡಿಕ್ಕಿಯ ತೆಳು ತಗಡಿಗೆ ಪಟ್ಟಿ ಬೆಸೆದು ಹಿಚ್ ಮಾಡಿಕೊಳ್ಳುವ ಜಾಣತನ ಮಾತ್ರ ಬೇಡ. ಕಾರನ್ನು ಜಾಕ್ ಮೇಲೆಯೇ ಬಿಟ್ಟು ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಇಡಿ. ಬಂಪರ್ ಬಿಚ್ಚಿ, ಸೈಲೆನ್ಸರಿನ ರಬ್ಬರ್ ತೂಗುಗಳನ್ನು ಕಳಚಿ ಅದನ್ನು ಒಂದಿಷ್ಟು ಇಳಿಸಿದರೆ ಕೈ ಆಡಿಸಲು ಜಾಗ ಸಿಗುತ್ತದೆ. ಹಿಚ್ಚು ಕೂರುವ ಕಡೆ ಅಂಟಿರುವ ಮೇಣ, ಡಾಂಬರಿನಂಥ ಲೇಪ ಕೆರೆದು ತೆಗೆಯಿರಿ. ಅದರ ಮೇಲೇ ಬಿಗಿದರೆ ದಿನ ಕಳೆದಂತೆ ಲೇಪ ಹಿಸುಕಿ ಬೋಲ್ಟು ಸಡಿಲವಾಗುತ್ತದೆ. ಬರಿಯಾದ ಲೋಹಕ್ಕೆ ಪ್ರೈಮರ್ ಹಚ್ಚಿ, ಒಣಗಲು ಬಿಡಿ.

ಎಲ್ಲ ಬೋಲ್ಟುಗಳನ್ನೂ ಮೊದಲು ಬರಿಗೈಯಲ್ಲಿ ತಿರುಗಿಸಿ, ಹಿಚ್ಚು ನೇರವಾಗಿದೆ ಅಂತ ನೋಡಿ, ಆಮೇಲೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಲ್ಲಿ ಬಿಗಿದಿರೆಂದು ತಿಳಿಸುವ ಪಾನಾ. ಕಿಟ್ಟಿನ ಹಾಳೆಯಲ್ಲಿ ಕೊಟ್ಟ ಅಂಕಿಯೇ ಕಡೆಯ ಮಾತು. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ 12 ಮಿ.ಮೀ. ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್. ಮೊದಲ ಸಲ ಭಾರ ಎಳೆದು ಬಂದ ಮೇಲೆ ಇನ್ನೊಮ್ಮೆ ಬಿಗಿತ ನೋಡಿ.

ಗುಂಡಿನ ಅಳತೆಯಲ್ಲಿ ಒಂದು ಮೋಸವಿದೆ. ಟ್ರೇಲರಿನ ಮೂತಿಯಲ್ಲಿ ಗುಂಡನ್ನು ಹಿಡಿಯುವ 50 ಮಿ.ಮೀ. ಬಟ್ಟಲು 1⅞ ಇಂಚಿನ, ಅಂದರೆ 47.6 ಮಿ.ಮೀ. ಗುಂಡಿನ ಮೇಲೂ ಕೂತಂತೆಯೇ ಕಾಣುತ್ತದೆ. ಹಳ್ಳಕ್ಕೆ ಬಿದ್ದಾಗ ಎದ್ದು ಹೋಗುತ್ತದೆ. ಚಿಲಕ ಹಾಕಿದ ಮೇಲೆ ಟ್ರೇಲರಿನ ಮೂತಿಯನ್ನು ಜಾಕಿನಿಂದ ಎತ್ತಿ: ಕಾರಿನ ಹಿಂಭಾಗವೂ ಜೊತೆಗೇ ಏಳಬೇಕು.

ಈಗ ವೈರಿಂಗ್. ಎರಡು ಪದ್ಧತಿ ಹೆಚ್ಚು ಕಾಣುತ್ತೇವೆ. ಉತ್ತರ ಅಮೆರಿಕದ ನಾಲ್ಕು ವೈರಿನ ಚಪ್ಪಟೆ ಪ್ಲಗ್‌ನಲ್ಲಿ ಬಿಳಿ ಅರ್ತ್, ಕಂದು ಟೇಲ್ ಲೈಟು, ಹಳದಿ ಎಡ, ಹಸಿರು ಬಲ. ಬ್ರೇಕಿಗೂ ಇಂಡಿಕೇಟರಿಗೂ ಅಲ್ಲಿ ಒಂದೇ ವೈರು. ಯೂರೋಪಿನ ಏಳು ಪಿನ್ನಿನ ದುಂಡು ಸಾಕೆಟ್ಟಿನಲ್ಲಿ 1 ಹಳದಿ ಎಡ ಇಂಡಿಕೇಟರ್, 2 ನೀಲಿ ಫಾಗ್ (ಮಂಜಿನ) ಲೈಟು, 3 ಬಿಳಿ ಅರ್ತ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಟೇಲ್, 6 ಕೆಂಪು ಬ್ರೇಕ್, 7 ಕಪ್ಪು ಎಡ ಟೇಲ್. ನಿಮ್ಮ ಟ್ರೇಲರನ್ನು ಹಿಂದೆ ಯಾರಾದರೂ ರಿಪೇರಿ ಮಾಡಿದ್ದರೆ ಬಣ್ಣ ನಂಬಬೇಡಿ, ಒಂದೊಂದನ್ನೇ ಪರೀಕ್ಷಿಸಿ.

ಕಾರಿನ ಟೇಲ್ ಲ್ಯಾಂಪಿನ ವೈರನ್ನು ಕತ್ತರಿಸಿ ಟ್ರೇಲರಿನದನ್ನು ನೇರ ಸೇರಿಸುವ ಕಾಲ ಹೋಯಿತು. ಈಗಿನ ಕಾರು ಎಷ್ಟು ಕರೆಂಟ್ ಹರಿಯಿತೆಂದು ಲೆಕ್ಕ ಇಡುತ್ತದೆ, ಹೆಚ್ಚಾದರೆ ತಕರಾರು ತೆಗೆಯುತ್ತದೆ. ಟ್ರೇಲರ್ ಮಾಡ್ಯೂಲ್ ಹಾಕಿ. ಅದು ಕಾರಿನ ಲೈಟಿನಿಂದ ಸನ್ನೆ ಮಾತ್ರ ಪಡೆದು, ಶಕ್ತಿಯನ್ನು ಬ್ಯಾಟರಿಯಿಂದಲೇ ಎಳೆಯುತ್ತದೆ. ತಲಾ 21 ವಾಟಿನ ಎರಡು ಬ್ರೇಕ್ ಮತ್ತು ಎರಡು ಇಂಡಿಕೇಟರ್, 5 ವಾಟಿನ ಮೂರು ಪುಟ್ಟ ಬಲ್ಬು: ಎಲ್ಲ ಒಟ್ಟಿಗೆ ಉರಿದರೆ 99 ವಾಟ್, 12 ವೋಲ್ಟಿಗೆ ಎಂಟು ಆಂಪಿಯರ್ ಚಿಲ್ಲರೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಸಾಕು. ವೈರು ತಗಡು ದಾಟುವಲ್ಲಿ ರಬ್ಬರ್ ಬುಷ್ ಮರೆಯಬೇಡಿ. ಜೋಡಣೆಗೆ ಕ್ರಿಂಪ್ ಮಾಡಿ, ಅಂದರೆ ಲೋಹದ ತುಣುಕನ್ನು ವೈರಿನ ಸುತ್ತ ಹಿಸುಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕುತ್ತೇನೆ. ಬರೀ ಇನ್ಸುಲೇಷನ್ ಟೇಪಿನದು ಮೊದಲ ಮಳೆಯವರೆಗಿನ ಪೌರುಷ.

ಇನ್ನು ಅರ್ತಿನ ಕಥೆ. ಆ ಎಂಟು ಆಂಪಿಯರ್ ಅಷ್ಟೂ ವಾಪಸ್ಸು ಬರಬೇಕಾದದ್ದು ಒಂದೇ ಬಿಳಿ ವೈರಿನಲ್ಲಿ. ಅದು ಸರಿಯಿಲ್ಲದಿದ್ದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ: ಬಲ ಇಂಡಿಕೇಟರಿನಿಂದ ಹೊರಟದ್ದು ಟ್ರೇಲರಿನ ಎಡ ಬಲ್ಬಿನ ತಂತಿಯ ಮೂಲಕ ಹಿಂದಕ್ಕೆ ಹರಿದು, ಕಾರಿನ ಎಡ ಬಲ್ಬಿನಲ್ಲಿ ಅರ್ತ್ ಸೇರುತ್ತದೆ. ಆಗ ನಾನು ಮಾಡ್ಯೂಲ್ ಹಾಕಿರಲಿಲ್ಲ, ನೇರ ಸೇರಿಸಿದ್ದೆ. ಅದಕ್ಕೇ ಬಲಕ್ಕೆ ಹಾಕಿದರೆ ಎಡವೂ ಮಿನುಗಿದ್ದು. ಹಿಚ್ಚಿನ ಗುಂಡೇ ಅರ್ತ್ ಆದೀತು ಅನ್ನುವವರಿದ್ದಾರೆ. ಗ್ರೀಸ್ ಹಚ್ಚಿ ಅಲ್ಲಾಡುತ್ತಲೇ ಇರುವ ಗುಂಡನ್ನು ನಂಬುವುದು ಹೇಗೆ? 2.5 ಚದರ ಮಿ.ಮೀ. ವೈರನ್ನು ಪ್ರತಿ ಲ್ಯಾಂಪಿನ ತನಕ ಎಳೆಯಿರಿ. ಕಾರಿನ ಬದಿಯಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ, ಮೇಲೆ ಗ್ರೀಸ್ ಸವರಿ.

ಪರೀಕ್ಷೆಗೆ ಬರೀ ಮಲ್ಟಿಮೀಟರ್ ಇಟ್ಟರೆ ತುಕ್ಕು ಹಿಡಿದ ಜಾಯಿಂಟಿನಲ್ಲೂ 12 ವೋಲ್ಟ್ ತೋರಿಸಿ ನಗುತ್ತದೆ. 21 ವಾಟಿನ ಬಲ್ಬಿಗೆ ಎರಡು ವೈರು ಕಟ್ಟಿಕೊಳ್ಳಿ, ಭಾರ ಬಿದ್ದಾಗಲೇ ನಿಜ ಗೊತ್ತಾಗುವುದು. ಇಲ್ಲವೇ ಎಲ್ಲ ಲೈಟು ಹಾಕಿಟ್ಟು ಬ್ಯಾಟರಿಯ ಮೈನಸ್ಸಿಗೂ ಲ್ಯಾಂಪಿನ ಅರ್ತಿಗೂ ನಡುವೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ಮೀರಿದರೆ ಅರ್ತಿನದೇ ತಂಟೆ. ಟೇಲ್, ಎಡ, ಬಲ, ಬ್ರೇಕ್ ಬೇರೆಬೇರೆ ನೋಡಿದ ಮೇಲೆ ಟೇಲ್, ಇಂಡಿಕೇಟರ್, ಬ್ರೇಕ್ ಮೂರನ್ನೂ ಒಟ್ಟಿಗೆ ಹಾಕಿ ನೋಡಲೇಬೇಕು. ನನ್ನ ತಪ್ಪು ಸಿಕ್ಕಿಬಿದ್ದದ್ದು ಹಾಗೆಯೇ.

ಸಾಮಾನು ತುಂಬಿದ ಮೇಲೆ ಮೂತಿಯ ಭಾರ ತೂಗಲು ಮನೆಯ ತೂಕದ ಯಂತ್ರ ಸಾಕು. ಮೇಲೊಂದು ಮರದ ತುಂಡು ಇಟ್ಟು, ಗುಂಡಿನ ಎತ್ತರಕ್ಕೇ ಮೂತಿಯನ್ನು ಕೂರಿಸಿ. ತೀರಾ ಹಗುರವಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಸಾಮಾನನ್ನು ಮುಂದಕ್ಕೆ ಸರಿಸಿ, ಕೈಪಿಡಿಯ ಅಂಕಿ ಮಾತ್ರ ದಾಟಬೇಡಿ. ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡ ಹಾಕಿ. ತಿರುವಿನಲ್ಲಿ ಎಳೆಯದಷ್ಟು, ನೆಲಕ್ಕೆ ಉಜ್ಜದಷ್ಟು ಸಡಿಲ ವೈರಿಗೂ ಇರಲಿ.

ಟ್ರೇಲರ್ ಕಳಚಿದಾಗ ಸಾಕೆಟ್ಟಿನ ಮುಚ್ಚಳ ಹಾಕಿಡಿ. ನಾನು ಒಮ್ಮೆ ಮರೆತು, ಮೂರನೇ ಪಿನ್ನಿನಲ್ಲಿ ಜೇಡವೊಂದು ಸಂಸಾರ ಹೂಡಿತ್ತು. ಮತ್ತೆ ಅದೇ ಅರ್ತ್ ಪಿನ್ನು!